ನರ್ಸಮ್ಮ ಬರೆದಿಟ್ಟ ತೂಕ: ಮೈಸೂರು ಜಗತ್ತಿಗೆ ಕಲಿಸಿದ ಒಂದು ಪಾಠ

ನಮ್ಮ ಹೂಟಗಳ್ಳಿಯಲ್ಲಿ ಸಕ್ಕರೆ ಕಾಯಿಲೆಯ ಮಾತು ಎತ್ತಿದರೆ ಸಾಕು, ಹಿರಿಯರು ಹೇಳುವುದು ಒಂದೇ ಮಾತು: "ನಾವು ಮುದ್ದೆ ಉಂಡು ಹೊಲದಲ್ಲಿ ಗೇಯ್ದವ್ರು. ಈಗಿನವ್ರು ಕುಂತಲ್ಲೇ ಕುಂತಿರ್ತಾರೆ, ಅದ್ಕೇ ಕಾಯಿಲೆ."

ಮಾತಿನಲ್ಲಿ ನಿಜ ಇದೆ. ಹೊಲ ಇದ್ದ ಕಡೆ ಕಾರ್ಖಾನೆ ಬಂತು, ಬಡಾವಣೆ ಬಂತು. ಊಟ ಬದಲಾಯಿತು, ದುಡಿಮೆ ಬದಲಾಯಿತು. ಆದರೆ ಕಾಯಿಲೆಯ ಬೇರು ಇನ್ನೂ ಹಿಂದಕ್ಕೆ, ತಾಯಿಯ ಹೊಟ್ಟೆಯವರೆಗೂ ಹೋಗುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಸಂಶೋಧನೆಯ ಒಂದು ಮುಖ್ಯ ಭಾಗ ನಡೆದದ್ದು ಬೇರೆಲ್ಲೋ ಅಲ್ಲ, ನಮ್ಮ ಮೈಸೂರಿನಲ್ಲೇ.

ಮೈಸೂರಿನವರು ಈಗಲೂ 'ಮಿಷನ್ ಆಸ್ಪತ್ರೆ' ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಅಲ್ಲಿ 1934ರಿಂದ ಪ್ರತಿ ಹೆರಿಗೆಯ ವಿವರವನ್ನೂ ಬರೆದಿಡುತ್ತಿದ್ದರು. ಮಗುವಿನ ತೂಕ ಎಷ್ಟು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು, ತಾಯಿಯ ತೂಕ ಎಷ್ಟು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಅರುವತ್ತು ವರ್ಷದ ಮೇಲೆ ಯಾರೋ ಈ ಲೆಕ್ಕ ಹುಡುಕಿಕೊಂಡು ಬರುತ್ತಾರೆ ಎಂದು ಅವರು ಅಂದುಕೊಂಡಿರಲಿಕ್ಕಿಲ್ಲ.

ಅಂಥದ್ದೇ ಇನ್ನೊಂದು ಲೆಕ್ಕ ದೂರದ ಇಂಗ್ಲೆಂಡಿನಲ್ಲೂ ಇತ್ತು. ಅಲ್ಲಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಆರೋಗ್ಯ ಅಧಿಕಾರಿ, ಹುಟ್ಟಿದ ಮಕ್ಕಳ ತೂಕವನ್ನೂ ವರ್ಷ ತುಂಬಿದಾಗಿನ ತೂಕವನ್ನೂ ಬರೆಸಿಡುತ್ತಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಡಾ. ಡೇವಿಡ್ ಬಾರ್ಕರ್ ತಂಡ ಆ ಹಳೇ ಪುಸ್ತಕಗಳನ್ನು ಬಿಡಿಸಿ ನೋಡಿತು. ಹುಟ್ಟುವಾಗಲೂ ವರ್ಷದ ಮಗುವಾಗಿದ್ದಾಗಲೂ ತೂಕ ಕಡಿಮೆ ಇದ್ದವರು ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಸಾಯುವುದು ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿತು. ಹೊಟ್ಟೆಯೊಳಗಿನ ಮಗುವಿಗೆ ಪೋಷಣೆ ಸಾಲದೆ ಹೋದರೆ ಅದರ ಗುರುತು ಜೀವನಪೂರ್ತಿ ಉಳಿಯುತ್ತದೆ ಎಂಬುದು ಅವರ ವಾದ.

ಎಲ್ಲರೂ ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಕಂಡದ್ದು ಬೇರೆ ದೇಶದಲ್ಲೂ ಕಾಣುತ್ತದೆಯೇ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಬೇಕಾದರೆ ಹತ್ತಾರು ವರ್ಷ ಹಳೆಯದಾದ ಹೆರಿಗೆ ಲೆಕ್ಕ ಬೇಕು. ಅದು ಮೈಸೂರಿನಲ್ಲಿತ್ತು. ಹೀಗೆ 1990ರ ದಶಕದಲ್ಲಿ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತಿತರರು ಮಿಷನ್ ಆಸ್ಪತ್ರೆಯವರ ಜೊತೆ ಕೈ ಜೋಡಿಸಿದರು.

ಪುಸ್ತಕ ಸಿಕ್ಕಿತು, ಅದರೊಳಗಿನ ಮಕ್ಕಳು ಸಿಗಬೇಕಲ್ಲ? ಅಷ್ಟು ಹೊತ್ತಿಗೆ ಆ ಮಕ್ಕಳಿಗೆ ನಲವತ್ತು, ಐವತ್ತು ದಾಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದು, ಮಗು ಎತ್ತಿಕೊಂಡು ಗಂಡನ ಊರಿಗೆ ಹೋಗುವ ನಾಡು ನಮ್ಮದು. ಕೆಲಸದವರು ಆಸ್ಪತ್ರೆಯ ಸುತ್ತಲಿನ ಮನೆಮನೆಗೂ ಹೋಗಿ ವಿಚಾರಿಸಿ, ಹಳೇ ದಾಖಲೆಗೆ ತಾಳೆ ಹಾಕಿದರು.

1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಅದೇ ಸುತ್ತಿನಲ್ಲಿ ಬದುಕಿದ್ದ 517 ಜನರನ್ನು ಪರೀಕ್ಷೆ ಮಾಡಿದ ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದು, ತಾಯಿಯೂ ಬಸುರಿಯಲ್ಲಿ 45 ಕಿಲೋಗಿಂತ ಕಡಿಮೆ ತೂಗುತ್ತಿದ್ದರೆ, ಅಂಥವರಲ್ಲಿ ನೂರಕ್ಕೆ 20 ಜನರಿಗೆ ಹೃದಯದ ಕಾಯಿಲೆ ಇತ್ತು. ಎಲ್ಲ ಗುಂಪುಗಳಿಗಿಂತ ಇದೇ ಹೆಚ್ಚು. ಇಂಗ್ಲೆಂಡಿನ ಮಾತು ಮೈಸೂರಿನಲ್ಲೂ ನಿಜವಾಯಿತು.

ಆದರೆ ಸಕ್ಕರೆ ಕಾಯಿಲೆಯ ಲೆಕ್ಕ ಹಾಗೆ ಕೂಡಿಬರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಕಡಿಮೆ ತೂಕದ ಮಕ್ಕಳನ್ನು ಹಿಡಿದಿತ್ತು. ಮೈಸೂರಿನಲ್ಲಿ, ಉದ್ದ ಕಡಿಮೆ ಇದ್ದು ಆ ಉದ್ದಕ್ಕೆ ದಪ್ಪಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚು ಕಂಡಿತು. ಇದು 1998ರಲ್ಲಿ ಪ್ರಕಟವಾಯಿತು. ಹಾಗಾದರೆ ಆ ತಾಯಂದಿರಿಗೇ ಬಸುರಿಯಲ್ಲಿ ಸಕ್ಕರೆ ಏರಿತ್ತೇ? ಹಳೇ ಪುಸ್ತಕದಲ್ಲಿ ರಕ್ತ ಪರೀಕ್ಷೆ ಇರಲಿಲ್ಲ. ಉತ್ತರಕ್ಕೆ ಹೊಸದಾಗಿ ಶುರುಮಾಡಬೇಕಾಯಿತು.

1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ 830 ಗರ್ಭಿಣಿಯರು ಒಪ್ಪಿ ಸೇರಿಕೊಂಡರು. ಇದೇ 'ಮೈಸೂರು ಪಾರ್ಥೆನಾನ್ ಅಧ್ಯಯನ'. ಅವರಲ್ಲಿ ಸಕ್ಕರೆ ಪರೀಕ್ಷೆ ಆದ 785 ಮಂದಿಯಲ್ಲಿ 49 ಜನರಿಗೆ ಬಸುರಿಯ ಸಕ್ಕರೆ ಕಾಯಿಲೆ ಕಂಡಿತು. ಹುಟ್ಟಿದ ಮಕ್ಕಳನ್ನು ಮೈಸೂರಿನ ಡಾ. ಜಿ.ವಿ. ಕೃಷ್ಣವೇಣಿ ಮತ್ತವರ ತಂಡ ವರ್ಷ ವರ್ಷ ಬಿಡದೆ ನೋಡಿಕೊಂಡು ಬಂತು. ಒಂಬತ್ತೂವರೆ ವರ್ಷದ ಹೊತ್ತಿಗೆ, ಆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಮೈಕೊಬ್ಬು ಹೆಚ್ಚಿತ್ತು, ರಕ್ತದಲ್ಲಿ ಇನ್ಸುಲಿನ್ ಕೂಡ ಹೆಚ್ಚಿತ್ತು. ಸಕ್ಕರೆ ಕಾಯಿಲೆಯ ದಾರಿ ಅಷ್ಟು ಬೇಗ ತೆರೆದಿತ್ತು.

ಈ ಚರಿತ್ರೆ ನಾವು ಹೇಳುತ್ತಿರುವುದಕ್ಕೆ ಕಾರಣ ಇದೆ. ವಿದೇಶಿ ವಿಶ್ವವಿದ್ಯಾಲಯ ಎಂದ ಕೂಡಲೇ, ಅವರು ಕೊಡುವವರು, ನಾವು ತೆಗೆದುಕೊಳ್ಳುವವರು ಎಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. ದುಡ್ಡು, ಲೆಕ್ಕಶಾಸ್ತ್ರ, ಅನುಭವ ಅವರು ತಂದರು, ನಿಜ. ಆದರೆ ಹೆಸರು ಉಳಿಯದ ನರ್ಸಮ್ಮಂದಿರ ಬರಹ, ಮನೆಮನೆ ತಿರುಗಿದವರ ಕಾಲು, ಸೂಜಿ ಚುಚ್ಚಿಸಿಕೊಂಡ ತಾಯಂದಿರ ಒಪ್ಪಿಗೆ ನಮ್ಮವು. ಇಂಗ್ಲೆಂಡಿನ ಉತ್ತರ ನಮ್ಮ ತಾಯಂದಿರಿಗೆ ಪೂರ್ತಿ ಹೊಂದುವುದಿಲ್ಲ ಎಂದು ತೋರಿಸಿದ್ದೂ ನಮ್ಮೂರಿನ ಲೆಕ್ಕವೇ.

ಹಾಗಾದರೆ ನಮಗೆ ಸಿಗಬೇಕಾದದ್ದು ಏನು?

ಒಂದು, ತಿಳಿವಳಿಕೆ. ಪ್ರತಿ ಗರ್ಭಿಣಿಗೂ ಸಕ್ಕರೆ ಪರೀಕ್ಷೆ ಆಗಬೇಕೆಂದು ಈಗ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ. ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಸರಿಯಿದ್ದರೆ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ. ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಎರಡು, ಪ್ರಶ್ನೆ ಕೇಳುವ ಹಕ್ಕು. ಯಾರೇ ಅಧ್ಯಯನ ಎಂದು ಮನೆಗೆ ಬಂದರೂ, ಇದು ಯಾತಕ್ಕೆ, ನನ್ನ ರಕ್ತದ ಫಲಿತಾಂಶ ನನಗೆ ಕೊಡುತ್ತೀರಾ, ಕೊನೆಗೆ ಕಂಡದ್ದನ್ನು ಕನ್ನಡದಲ್ಲಿ ಹೇಳುತ್ತೀರಾ ಎಂದು ಕೇಳಿ. ಬೇಡ ಅನ್ನಿಸಿದರೆ ಬೇಡ ಎನ್ನಿ.

ಇದನ್ನು ಬರೆಯುವ ಮೊದಲು ನಮ್ಮ ಬೀದಿಯ ಅಜ್ಜಿಯೊಬ್ಬರನ್ನು, ನೀವು ಹುಟ್ಟಿದಾಗ ಎಷ್ಟು ತೂಕ ಇದ್ರಿ ಅಂತ ಕೇಳಿದೆವು. ಅಜ್ಜಿ ನಕ್ಕರು. "ನಾನ್ ಹುಟ್ಟಿದ್ ದಿನಾನೇ ಯಾರೂ ಬರ್ದಿಟ್ಟಿಲ್ಲ, ತೂಕ ಯಾರ್ ಬರೀತಾರೆ ಮಗಾ?"

ಅವರ ಮೊಮ್ಮಗಳದ್ದು ಬರೆದಿದೆ, ತಾಯಿ ಕಾರ್ಡಿನಲ್ಲಿ. ಚುಚ್ಚುಮದ್ದು ಮುಗಿಯಿತು ಎಂದು ಆ ಕಾರ್ಡನ್ನು ರದ್ದಿಗೆ ಹಾಕಬೇಡಿ. ಒಂದು ಫೋಟೊ ತೆಗೆದು ಫೋನಿನಲ್ಲಿ ಇಡಿ, ಕಾಗದವನ್ನು ಪೆಟ್ಟಿಗೆಯಲ್ಲಿ ಇಡಿ. ಕಡಿಮೆ ತೂಕದಲ್ಲಿ ಹುಟ್ಟಿದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಹೆದರಬೇಡಿ. ಆದರೆ ಆ ಮಗು ಬೆಳೆದು ನಲವತ್ತಾದಾಗ ಡಾಕ್ಟರ ಮುಂದೆ ಹೇಳಿಕೊಳ್ಳಲು ಒಂದು ಲೆಕ್ಕ ಇರಲಿ. ಮಿಷನ್ ಆಸ್ಪತ್ರೆಯ ನರ್ಸಮ್ಮಂದಿರು ಅಂದು ಮಾಡಿದ್ದೂ ಇಷ್ಟೇ: ಬರೆದರು, ಎಸೆಯದೆ ಇಟ್ಟರು.