ಸ್ಕೂಬಿ-ಡೂ

ಸ್ಕೂಬಿ-ಡೂ ಅಮೆರಿಕದ ಹಾನಾ-ಬಾರ್ಬೆರಾ ಸಂಸ್ಥೆಯು ರೂಪಿಸಿದ ಪತ್ತೇದಾರಿ ಕಾರ್ಟೂನ್ ಸರಣಿ. ಇದರ ಮೊದಲ ಧಾರಾವಾಹಿ ‘ಸ್ಕೂಬಿ-ಡೂ, ವೇರ್ ಆರ್ ಯೂ!’ 1969ರ ಸೆಪ್ಟೆಂಬರ್ 13ರಂದು ಸಿ.ಬಿ.ಎಸ್. ವಾಹಿನಿಯಲ್ಲಿ ಆರಂಭವಾಯಿತು. ಫ್ರೆಡ್, ಡ್ಯಾಫ್ನಿ, ವೆಲ್ಮಾ, ಶ್ಯಾಗಿ ಎಂಬ ನಾಲ್ವರು ಮತ್ತು ಸ್ಕೂಬಿ ಎಂಬ ಅಂಜುಬುರುಕ ನಾಯಿ ವ್ಯಾನಿನಲ್ಲಿ ಊರೂರು ಸುತ್ತುತ್ತ, ಭೂತದ ಕಾಟವೆಂದು ಜನ ನಂಬಿದ ಪ್ರಕರಣಗಳನ್ನು ಭೇದಿಸುವುದು ಇದರ ವಸ್ತು.

ಹಿನ್ನೆಲೆ

1960ರ ದಶಕದ ಕೊನೆಯಲ್ಲಿ ಮಕ್ಕಳ ಕಾರ್ಟೂನುಗಳಲ್ಲಿನ ಹಿಂಸೆಯ ಕುರಿತು ಅಮೆರಿಕದ ಪೋಷಕರು ಆಕ್ಷೇಪವೆತ್ತಿದರು. ಹೊಡೆದಾಟವಿಲ್ಲದ ಕಥೆಯ ಹುಡುಕಾಟದಿಂದ ಹುಟ್ಟಿದ ಇದನ್ನು ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ರಚಿಸಿದರು. ನಾಯಿಯನ್ನು ಚಿತ್ರಿಸಿದ ಇವಾವೊ ಟಕಾಮೊಟೊ, ಉತ್ತಮ ಗ್ರೇಟ್ ಡೇನ್ ತಳಿಯ ಲಕ್ಷಣಗಳನ್ನು ತಿಳಿದವರಿಂದ ಕೇಳಿಕೊಂಡು, ಬೇಕೆಂದೇ ಅವುಗಳಿಗೆ ವಿರುದ್ಧವಾಗಿ ಬರೆದರು. ಸ್ಕೂಬಿಯ ಡೊಂಕು ಕಾಲುಗಳಿಗೆ ಇದೇ ಕಾರಣ.

ಮರುವೀಕ್ಷಣೆ ಮತ್ತು ಚರ್ಚೆ

ಮೊದಲ ಸರಣಿಯ ಕಂತುಗಳ ಅಂತ್ಯ ಬಹುಮಟ್ಟಿಗೆ ಒಂದೇ: ಮುಖವಾಡ ಕಳಚಿದಾಗ ಭೂತದ ಬದಲು ಆಸ್ತಿಗೋ ಹಣಕ್ಕೋ ಆಸೆಪಟ್ಟ ಮನುಷ್ಯ ಸಿಗುತ್ತಾನೆ. ಅಂತ್ಯ ಗೊತ್ತಿದ್ದರೂ ಮತ್ತೆ ಮತ್ತೆ ನೋಡುವವರಿದ್ದಾರೆ. ಅಪರಾಧಿಯನ್ನು ಕಥೆಯ ಮೊದಲಲ್ಲೇ ಯಾವ ನೆಪದಲ್ಲಿ ತೋರಿಸಲಾಗಿದೆ ಎಂಬುದನ್ನು ಅವರು ಗಮನಿಸುತ್ತಾರೆ. ಹಿನ್ನೆಲೆಯ ಚಿತ್ರವನ್ನೂ ಚಲಿಸುವ ವಸ್ತುವನ್ನೂ ಬೇರೆ ಬೇರೆಯಾಗಿ ಬರೆಯುತ್ತಿದ್ದ ಕಾಲವಾದ್ದರಿಂದ, ಮುಂದೆ ತೆರೆದುಕೊಳ್ಳಲಿರುವ ಗುಪ್ತ ಬಾಗಿಲು ಸುತ್ತಲಿನ ಗೋಡೆಗಿಂತ ತುಸು ಭಿನ್ನ ಬಣ್ಣದಲ್ಲಿ ಕಾಣುವುದೂ ಉಂಟು.

ಅಭಿಮಾನಿಗಳ ದೊಡ್ಡ ವಿವಾದವೆಂದರೆ ಭೂತ ನಿಜವಾಗಿರಬಹುದೇ ಎಂಬುದು. 1985ರ ‘ದಿ 13 ಗೋಸ್ಟ್ಸ್ ಆಫ್ ಸ್ಕೂಬಿ-ಡೂ’ ಸರಣಿಯಲ್ಲಿ ಭೂತಗಳು ನಿಜವೇ. ಹದಿಮೂರನೆಯದನ್ನು ಹಿಡಿಯುವ ಮೊದಲೇ ಸರಣಿ ನಿಂತುಹೋಯಿತು. ಕಥೆ ಮುಗಿಸಲು ಚಲನಚಿತ್ರ ಬಂದದ್ದು 2019ರಲ್ಲಿ. 1998ರ ‘ಸ್ಕೂಬಿ-ಡೂ ಆನ್ ಜಾಂಬಿ ಐಲ್ಯಾಂಡ್’ ಚಿತ್ರದಲ್ಲೂ ಪ್ರೇತಗಳು ನಿಜವಾದವು. ಇದರಿಂದ ಕಥೆಗೆ ಭಯದ ತೂಕ ಬಂತೆಂದು ಕೆಲವರು ಮೆಚ್ಚಿದರೆ, ಮೂಲದ ವೈಚಾರಿಕತೆಯನ್ನೇ ಬಿಟ್ಟುಕೊಟ್ಟಂತಾಯಿತು ಎನ್ನುವುದು ಉಳಿದವರ ವಾದ. ಎರಡನೆಯ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಹೆದರಿದ ಮಗುವಿಗೆ ಮುಖವಾಡ ಕಳಚುವ ದೃಶ್ಯವು ಯಾವ ಉಪದೇಶಕ್ಕಿಂತಲೂ ಹೆಚ್ಚು ಧೈರ್ಯ ಕೊಡುತ್ತದೆ. ‘ಮಿಸ್ಟರಿ ಇನ್‌ಕಾರ್ಪೊರೇಟೆಡ್’ (2010-2013) 52 ಕಂತುಗಳಲ್ಲಿ ಒಂದೇ ರಹಸ್ಯವನ್ನು ಹೆಣೆದಿರುವುದರಿಂದ ಮರುವೀಕ್ಷಣೆಗೆ ಹೆಚ್ಚು ಒದಗುತ್ತದೆ.

ಕರ್ನಾಟಕದ ಸಂದರ್ಭ

ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಭಾರತದಲ್ಲಿ 1995ರಲ್ಲಿ ಆರಂಭವಾಯಿತು. ‘ನಂಬುವ ಮುನ್ನ ಪರೀಕ್ಷಿಸು’ ಎಂಬ ನಿಲುವು ಬೆಂಗಳೂರಿಗೆ ಅದಕ್ಕೂ ಮೊದಲೇ ಪರಿಚಿತವಾಗಿತ್ತು. ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯ ಬದಿಯಲ್ಲಿ ಜ್ಞಾನಭಾರತಿ ಆವರಣವನ್ನು ಹೊಂದಿರುವ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಹಾಗೂ ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದ್ದರು.

ಕನ್ನಡದಲ್ಲಿ ಇದಕ್ಕೆ ಸಮೀಪದ ಉದಾಹರಣೆ, ದೂರದರ್ಶನದಲ್ಲಿ ಪ್ರಸಾರವಾದ, ಸದಾನಂದ ಸುವರ್ಣ ನಿರ್ದೇಶನದ ‘ಗುಡ್ಡದ ಭೂತ’ ಧಾರಾವಾಹಿ. ಕಾರ್ಟೂನ್ ಅಲ್ಲದ ಈ ರಹಸ್ಯಕಥೆ ತುಳು ನಾಟಕವೊಂದನ್ನು ಆಧರಿಸಿದೆ. ಪ್ರಕಾಶ್ ರೈ ಅವರ ಆರಂಭದ ಪಾತ್ರಗಳಲ್ಲೊಂದು ಇದರಲ್ಲಿದೆ. ಕರಾವಳಿಯಲ್ಲಿ ‘ಭೂತ’ ಎಂದರೆ ಆರಾಧಿಸಲ್ಪಡುವ ದೈವವೂ ಹೌದಾದ್ದರಿಂದ, ಅಲ್ಲಿನ ಪ್ರೇಕ್ಷಕರಿಗೆ ಈ ಪದ ಸ್ಕೂಬಿ-ಡೂ ಕಥೆಗಳ ಪ್ರೇತಕ್ಕೆ ಸಮಾನವಲ್ಲ. ಧಾರಾವಾಹಿಯ ‘ಡೆನ್ನಾನ ಡೆನ್ನಾನ’ ಎಂಬ ಪಲ್ಲವಿ 2015ರ ‘ರಂಗಿತರಂಗ’ ಚಿತ್ರದಲ್ಲಿ ಮತ್ತೆ ಬಳಕೆಯಾಯಿತು.