ಆವಶ್ಯಕ: ಶ್ರಾವಕನ ದಿನಚರಿಯಿಂದ ಭರತೇಶನ ದಿನದವರೆಗೆ

ಇಂದಿನ ಕನ್ನಡದಲ್ಲಿ ‘ಆವಶ್ಯಕ’ವೆಂದರೆ ಬೇಕೇಬೇಕಾದದ್ದು, ಬಿಡಲಾಗದ್ದು ಎಂದಷ್ಟೇ ಅರ್ಥ. ಜೈನಾಚಾರ್ಯರು ಈ ಶಬ್ದವನ್ನು ಬೇರೊಂದು ದಾರಿಯಿಂದ ಬಿಡಿಸಿದ್ದಾರೆ. ಯಾವುದಕ್ಕೂ ವಶನಲ್ಲದವನು ‘ಅವಶ’; ಅಂಥ ಅವಶನ ಕರ್ಮವೇ ‘ಆವಶ್ಯಕ’. ಕುಂದಕುಂದಾಚಾರ್ಯರ ‘ನಿಯಮಸಾರ’ದಲ್ಲಿಯೂ ವಟ್ಟಕೇರಾಚಾರ್ಯರ ‘ಮೂಲಾಚಾರ’ದಲ್ಲಿಯೂ ಈ ನಿರುಕ್ತಿ ದೊರೆಯುತ್ತದೆ. ಸಂಸ್ಕೃತ ಕಾವ್ಯಗಳಲ್ಲಿ ‘ಅವಶ’ನೆಂದರೆ ಸಾಮಾನ್ಯವಾಗಿ ತನ್ನ ಹತೋಟಿ ತಪ್ಪಿದವನು. ಇಲ್ಲಿ ಅರ್ಥ ತಿರುವುಮುರುವಾಗಿ, ಇಂದ್ರಿಯಗಳಿಗೂ ಕಷಾಯಗಳಿಗೂ ಅಧೀನನಲ್ಲದವನು ಎಂದಾಗಿದೆ. ಪ್ರತಿದಿನ ತಪ್ಪದೆ ಮಾಡಬೇಕಾದ ಕೆಲಸವೇ ಮನುಷ್ಯನನ್ನು ಅಧೀನತೆಯಿಂದ ಬಿಡಿಸುವ ಕೆಲಸವೂ ಹೌದು ಎಂಬ ವಿಚಾರ ಈ ಒಂದು ವ್ಯುತ್ಪತ್ತಿಯಲ್ಲಿ ಅಡಗಿದೆ.

ನಿತ್ಯದ ಅಭ್ಯಾಸಗಳಿಗೂ ಸುಖಕ್ಕೂ ಇರುವ ನಂಟನ್ನು ಕುರಿತು ಈಚೆಗೆ ಬಹಳ ಬರೆಯಲಾಗುತ್ತಿದೆ. ಅದನ್ನು ಹೊಸ ಕಾಲದ ಶೋಧವೆಂಬಂತೆ ವಿದ್ಯಾರ್ಥಿಗಳು ಕಾಣುವುದೂ ಉಂಟು. ನಮ್ಮ ನಾಡಿನ ಆಚಾರಗ್ರಂಥಗಳು ಮತ್ತು ಕಾವ್ಯಗಳು ಈ ಪ್ರಶ್ನೆಯನ್ನು ಸಾವಿರ ವರ್ಷಗಳಿಗೂ ಹಿಂದಿನಿಂದ ಹೇಗೆ ಎತ್ತಿಕೊಂಡಿವೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಮುನಿಗಳಿಗೆ ವಿಹಿತವಾದ ಆವಶ್ಯಕಗಳು ಆರು: ಸಾಮಾಯಿಕ, ಚತುರ್ವಿಂಶತಿಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ. ಇವುಗಳಲ್ಲಿ ಪ್ರತಿಕ್ರಮಣವೆಂದರೆ ಆದ ತಪ್ಪಿನಿಂದ ಹಿಂದಿರುಗುವುದು. ದಿನದ ಕೊನೆಗೊಮ್ಮೆ, ರಾತ್ರಿಯ ಕೊನೆಗೊಮ್ಮೆ, ನಡೆದಾಡಿ ಬಂದಾಗ, ಪಕ್ಷಕ್ಕೆ, ಚಾತುರ್ಮಾಸ್ಯಕ್ಕೆ, ಸಂವತ್ಸರಕ್ಕೆ, ಕಡೆಗೆ ಜೀವಿತಾಂತ್ಯದಲ್ಲಿ, ಹೀಗೆ ಅದಕ್ಕೆ ಏಳು ಸಂದರ್ಭಗಳು. ತಪ್ಪು ಮಾಡಿದ ದಿನ ಪ್ರತಿಕ್ರಮಣ ಮಾಡಿದರೆ ಸಾಲದೆ, ಏನೂ ತಪ್ಪು ನಡೆದಿಲ್ಲವೆಂದು ತೋರಿದ ದಿನವೂ ಏಕೆ ಮಾಡಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮೂಲಾಚಾರ ಇದಕ್ಕೆ ಕೊಡುವ ಉತ್ತರ ಚಾರಿತ್ರಿಕ ದೃಷ್ಟಿಯುಳ್ಳದ್ದು. ನಡುವಿನ ಇಪ್ಪತ್ತೆರಡು ತೀರ್ಥಂಕರರ ಶಿಷ್ಯರು ದೃಢಬುದ್ಧಿಯವರು. ದೋಷ ಸಂಭವಿಸಿದಾಗ ಮಾತ್ರ ಅದಕ್ಕೆ ತಕ್ಕ ಪ್ರತಿಕ್ರಮಣ ಮಾಡಿದರೆ ಅವರಿಗೆ ಸಾಕಾಗಿತ್ತು. ಮೊದಲ ಮತ್ತು ಕೊನೆಯ ತೀರ್ಥಂಕರರ ಶಿಷ್ಯರು ಚಲಚಿತ್ತರು, ಮರೆಯುವವರು. ಆದುದರಿಂದ ಅವರು ಎಲ್ಲವನ್ನೂ ಪ್ರತಿದಿನ ಮಾಡಬೇಕು. ಇದಕ್ಕೆ ಕುರುಡು ಕುದುರೆಯ ದೃಷ್ಟಾಂತವನ್ನು ಗ್ರಂಥ ಸೂಚಿಸುತ್ತದೆ, ವಸುನಂದಿಯ ವೃತ್ತಿ ಅದನ್ನು ವಿವರಿಸುತ್ತದೆ. ರಾಜನೊಬ್ಬನ ಕುದುರೆಗೆ ಕಣ್ಣು ಹೋಯಿತು. ವೈದ್ಯನು ಊರಲ್ಲಿರಲಿಲ್ಲ, ಅವನ ಮಗನಿಗೆ ಯಾವ ಔಷಧಿ ತಕ್ಕದ್ದೆಂದು ತಿಳಿಯದು. ಅವನು ಮನೆಯಲ್ಲಿದ್ದ ಕಣ್ಣಿನ ಔಷಧಿಗಳನ್ನೆಲ್ಲ ಹಚ್ಚಿದನು. ಅವುಗಳಲ್ಲಿ ತಕ್ಕದ್ದು ತಗುಲಿ ಕುದುರೆಗೆ ದೃಷ್ಟಿ ಬಂತು. ತನ್ನ ದೋಷ ಯಾವುದೆಂದು ಸ್ಪಷ್ಟವಾಗಿ ಅರಿಯಲಾರದ ಮನಸ್ಸಿಗೆ ನಿತ್ಯವಿಧಿಯೂ ಹೀಗೆಯೇ.

ಈ ದೃಷ್ಟಾಂತದ ವಿನಯ ಗಮನಾರ್ಹ. ದಿನಚರಿಯನ್ನು ಅದು ಶೂರರ ಸಾಧನೆಯೆಂದು ಹೊಗಳುವುದಿಲ್ಲ. ನಾವು ಮರೆಯುತ್ತೇವೆ, ನಮ್ಮ ಕಾಯಿಲೆಯ ಹೆಸರೇ ನಮಗೆ ತಿಳಿಯದು. ಆದುದರಿಂದಲೇ ಪ್ರತಿದಿನ ಮಾಡುತ್ತೇವೆ ಎಂಬ ಒಪ್ಪಿಗೆ ಅದರ ಹಿಂದೆ ಇದೆ.

ಇನ್ನು ಗೃಹಸ್ಥನ ವಿಚಾರ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಕರ್ನಾಟಕದ ಜೈನ ಮನೆಗಳಲ್ಲಿ ಬಹುಕಾಲದಿಂದ ಪರಿಚಿತವಾದ ಗ್ರಂಥ. ಅದರಲ್ಲಿ ಯಮಕ್ಕೂ ನಿಯಮಕ್ಕೂ ಇರುವ ಭೇದವನ್ನು ಹೇಳಲಾಗಿದೆ. ಜೀವಮಾನವಿಡೀ ಹಿಡಿದದ್ದು ಯಮ. ಕಾಲಮಿತಿಯಿಟ್ಟು ಹಿಡಿದದ್ದು ನಿಯಮ. ಊಟ, ವಾಹನ, ಹಾಸಿಗೆ, ಸ್ನಾನ, ಅನುಲೇಪನ, ಹೂವು, ತಾಂಬೂಲ, ಉಡುಗೆ, ತೊಡುಗೆ, ಸಂಗೀತ ಇವುಗಳಲ್ಲಿ ಒಂದೊಂದಕ್ಕೆ ಇಂದು, ಈ ಹಗಲು, ಈ ರಾತ್ರಿ, ಈ ಪಕ್ಷ, ಈ ತಿಂಗಳು ಎಂದು ಗಡುವಿಟ್ಟು ಮಿತಿ ಹಾಕಿಕೊಳ್ಳಬಹುದು. ಇವು ನಿಷಿದ್ಧ ವಸ್ತುಗಳಲ್ಲ; ಗೃಹಸ್ಥನಿಗೆ ಸಲ್ಲುವ ಭೋಗಗಳೇ. ಇಂದು ಒಂದು ದಿನ ತಾಂಬೂಲ ಬೇಡವೆಂದವನು ನಾಳೆ ಅದನ್ನು ಮೆಲ್ಲಬಹುದು. ಆದರೆ ಅದಿಲ್ಲದೆಯೂ ತಾನು ಇರಬಲ್ಲೆನೆಂಬುದನ್ನು ಅವನು ಒಂದು ದಿನದ ಮಟ್ಟಿಗೆ ಅರಿತಿರುತ್ತಾನೆ. ‘ಅವಶ’ನಾಗುವ ಪಾಠ ಗೃಹಸ್ಥನಿಗೆ ಆರಂಭವಾಗುವುದು ಇಷ್ಟು ಚಿಕ್ಕ ಅಳತೆಯಲ್ಲಿ.

ಸಾಮಾಯಿಕದ ಕಾಲವನ್ನು ಗುರುತಿಸುವ ರೀತಿಯೂ ಅಷ್ಟೇ ಮನೆಮಾತಿನದು. ಕಟ್ಟಿದ ಮುಡಿ, ಹಿಡಿದ ಮುಷ್ಟಿ, ಉಟ್ಟ ಬಟ್ಟೆಯ ಗಂಟು ಬಿಚ್ಚುವವರೆಗೆ ಎಂದು ಸಮಂತಭದ್ರರು ಹೇಳುತ್ತಾರೆ. ಕಾಡಿನಲ್ಲಾಗಲಿ ಚೈತ್ಯಾಲಯದಲ್ಲಾಗಲಿ ಮನೆಯಲ್ಲಾಗಲಿ, ಗದ್ದಲವಿಲ್ಲದೆಡೆ ಸಾಕು. ಆ ಹೊತ್ತಿನಲ್ಲಿ ಆರಂಭ ಪರಿಗ್ರಹಗಳನ್ನು ಬಿಟ್ಟು ಕುಳಿತ ಗೃಹಸ್ಥನು, ಯಾರೋ ಮೈಮೇಲೆ ಬಟ್ಟೆ ಹೊದಿಸಿದ ಮುನಿಯಂತೆ ಇರುತ್ತಾನೆಂಬುದು ಅವರ ಹೋಲಿಕೆ. ಸಾಮಾಯಿಕಕ್ಕೆ ಒಂದು ಮುಹೂರ್ತ, ಅಂದರೆ ಎರಡು ಘಳಿಗೆ, ಇಂದಿನ ಲೆಕ್ಕದಲ್ಲಿ 48 ನಿಮಿಷ ಎಂಬ ರೂಢಿ ಇಂದಿಗೂ ಇದೆ.

ಗೃಹಸ್ಥನ ಷಟ್ಕರ್ಮಗಳ ಪಟ್ಟಿಯಲ್ಲಿ ಒಂದು ಪಾಠಭೇದವಿದೆ. ಸಂಶೋಧಕರು ಅದನ್ನು ಇನ್ನಷ್ಟು ಗಮನಿಸಬೇಕೆಂದು ನನ್ನ ಅನಿಸಿಕೆ. ಸೋಮದೇವಸೂರಿ 959ರಲ್ಲಿ ಮುಗಿಸಿದ ‘ಯಶಸ್ತಿಲಕ’ದ ಉಪಾಸಕಾಧ್ಯಯನ ಭಾಗದಲ್ಲಿ ಬರುವ ಆರು ಇವು: ದೇವಸೇವೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ. ಇಂದು ಎಲ್ಲೆಡೆ ಹೇಳುವುದು ಈ ಪಟ್ಟಿಯನ್ನೇ. ಅದಕ್ಕಿಂತ ಹಿಂದಿನ, ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿ ಇಜ್ಯೆ, ವಾರ್ತೆ, ದತ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು ಎಂದಿದೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ‘ಚಾರಿತ್ರಸಾರ’ವೂ ಈ ಎರಡನೆಯ ಪಟ್ಟಿಯನ್ನೇ ಅನುಸರಿಸುತ್ತದೆ.

‘ವಾರ್ತೆ’ ಎಂದರೆ ಇಲ್ಲಿ ಸುದ್ದಿಯಲ್ಲ. ಕೃಷಿ ಮೊದಲಾದ ಜೀವನೋಪಾಯಗಳನ್ನು ಶುದ್ಧವಾದ ನಡತೆಯಿಂದ ನಡೆಸುವುದು. ಪೂಜೆ, ಸ್ವಾಧ್ಯಾಯಗಳ ಸಾಲಿನಲ್ಲಿಯೇ ದುಡಿಮೆಯನ್ನು ಇಟ್ಟಿರುವುದು ಸಾಮಾನ್ಯ ಸಂಗತಿಯಲ್ಲ. ದಿನದ ಬಹುಭಾಗವನ್ನು ನುಂಗುವ ಜೀವನೋಪಾಯ ಅಶುದ್ಧವಾಗಿದ್ದರೆ ಬೆಳಗಿನ ಪೂಜೆಯೊಂದೇ ಮನಸ್ಸನ್ನು ನೆಲೆಗೊಳಿಸಲಾರದು ಎಂಬ ತಿಳಿವಳಿಕೆ ಅದರಲ್ಲಿ ಇದೆ. ಯುದ್ಧಭೂಮಿಯನ್ನೂ ಮಂತ್ರಿಪದವಿಯನ್ನೂ ಕಂಡ ಚಾವುಂಡರಾಯನು ಈ ಪಟ್ಟಿಯನ್ನು ಉಳಿಸಿಕೊಂಡದ್ದು ಅರ್ಥಪೂರ್ಣ. ಪ್ರಚಲಿತ ಪಟ್ಟಿಯಲ್ಲಿ ವಾರ್ತೆ ಕಾಣದಾದಾಗ ನಾವು ಕಳೆದುಕೊಂಡದ್ದು ಒಂದು ಶಬ್ದಕ್ಕಿಂತ ಹೆಚ್ಚಿನದು.

ಆ ವಿಚಾರ ಪೂರ್ತಿ ಅಳಿಯಲಿಲ್ಲ. 13ನೆಯ ಶತಮಾನದಲ್ಲಿ ಮಾಳವದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದ ಆರನೆಯ ಅಧ್ಯಾಯವನ್ನು ಶ್ರಾವಕನ ಒಂದು ದಿನಕ್ಕೆ ಮೀಸಲಿಟ್ಟನು. ಬ್ರಾಹ್ಮೀಮುಹೂರ್ತದಲ್ಲಿ ಎದ್ದು ಪಂಚನಮಸ್ಕಾರವನ್ನು ಜಪಿಸಿ, ನಾನು ಯಾರು, ನನ್ನ ಧರ್ಮವೇನು, ನನ್ನ ವ್ರತವೇನು ಎಂದು ಕೇಳಿಕೊಳ್ಳುವುದರಿಂದ ಆ ದಿನ ತೊಡಗುತ್ತದೆ. ಬಸದಿಯಿಂದ ಅವನು ಹೋಗುವುದು ತನ್ನ ವ್ಯವಹಾರಕ್ಕೆ. ಅಲ್ಲಿ ಶ್ರಮ ನಿಷ್ಫಲವಾದರೂ ಅಲ್ಪಫಲವಾದರೂ ಕುಗ್ಗಬಾರದು, ಲಾಭವಾದಾಗ ಹಿಗ್ಗಲೂಬಾರದು. ರಾತ್ರಿ ನಡುವೆ ಎಚ್ಚರವಾದರೆ ಆ ಹೊತ್ತನ್ನೂ ನಿರ್ವೇದಭಾವನೆಗೆ ಬಳಸಬೇಕು. ನಿದ್ದೆಗೆಟ್ಟ ಗಳಿಗೆಯನ್ನೂ ಲೆಕ್ಕಕ್ಕೆ ತಂದ ಈ ಲೇಖಕನಿಗೆ ಮನುಷ್ಯನ ಮನಸ್ಸಿನ ಪರಿಚಯ ಚೆನ್ನಾಗಿಯೇ ಇತ್ತು.

ಗ್ರಂಥಗಳ ಮಾತು ಜನಜೀವನದಲ್ಲಿ ಇಳಿದಿತ್ತೆ? ಶ್ರವಣಬೆಳಗೊಳದ 13ನೆಯ ಶತಮಾನದ ಕೆಲವು ಶಾಸನಗಳು ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೂ ಹೂವಿಗೂ ಭಕ್ತರು ಹೊನ್ನನ್ನು ಮೂಲಧನವಾಗಿಟ್ಟು, ಅದರ ಬಡ್ಡಿಯಿಂದ ಪ್ರತಿದಿನ ಸೇವೆ ನಡೆಯುವಂತೆ ಮಾಡಿದ್ದನ್ನು ಹೇಳುತ್ತವೆ. ಒಮ್ಮೆ ಮಾಡುವ ಮಹೋತ್ಸವಕ್ಕಿಂತ ದಿನವೂ ಸಲ್ಲುವ ಒಂದಿಷ್ಟು ಹಾಲು ದೊಡ್ಡದೆಂದು ಬಗೆದ ಸಾಮಾನ್ಯ ಜನರು ಆ ಕಲ್ಲುಗಳ ಹಿಂದೆ ಇದ್ದಾರೆ.

ಈ ಪರಂಪರೆಗೆ ಕನ್ನಡದಲ್ಲಿ ಅತ್ಯಂತ ವಿಸ್ತಾರವಾದ ಕಾವ್ಯರೂಪ ಕೊಟ್ಟವನು 16ನೆಯ ಶತಮಾನದ ಮೂಡುಬಿದಿರೆಯ ರತ್ನಾಕರವರ್ಣಿ. ಪಂಪನ ‘ಆದಿಪುರಾಣ’ದಲ್ಲಿ ಭರತನ ಕಥೆಗೆ ಮುನ್ನ ಆದಿದೇವನ ಭವಾವಳಿಗಳು ಹರಡಿಕೊಂಡಿವೆ. ರತ್ನಾಕರನು ‘ಭರತೇಶವೈಭವ’ವನ್ನು ಭವಾವಳಿಯಿಂದಾಗಲಿ ಯುದ್ಧದಿಂದಾಗಲಿ ಆರಂಭಿಸುವುದಿಲ್ಲ. ಆಸ್ಥಾನ ಸಂಧಿ, ಕವಿವಾಕ್ಯ ಸಂಧಿ, ಮುನಿಭುಕ್ತಿ ಸಂಧಿ, ರಾಜಭುಕ್ತಿ ಸಂಧಿ ಎಂಬ ಮೊದಲ ಸಂಧಿಗಳ ಹೆಸರುಗಳೇ ಹೇಳುವಂತೆ, ಚಕ್ರವರ್ತಿಯ ಒಂದು ದಿನವೇ ಅಲ್ಲಿ ಕಾವ್ಯವಸ್ತು. ಅವನು ಸಭೆಯಲ್ಲಿ ಕುಳಿತು ಕಾವ್ಯವನ್ನು ಆಲಿಸುತ್ತಾನೆ. ಊಟದ ಹೊತ್ತಿಗೆ ಮುನಿಗಳನ್ನು ಎದುರುಗೊಂಡು ಅವರಿಗೆ ಉಣಬಡಿಸಿದ ಬಳಿಕವೇ ತಾನು ರಾಣಿಯರೊಡನೆ ಉಣ್ಣುತ್ತಾನೆ. ಭೋಗದ ನಡುವೆಯೇ ಕಣ್ಣುಮುಚ್ಚಿ ಆತ್ಮದರ್ಶನಕ್ಕೆ ತೊಡಗುತ್ತಾನೆ.

ಈ ಆಯ್ಕೆಯ ಹಿಂದೆ ಒಂದು ಗಟ್ಟಿಯಾದ ಸಮಸ್ಯೆಯಿದೆ. ಗುಣಭದ್ರಾಚಾರ್ಯರು ಪೂರ್ತಿಗೊಳಿಸಿದ ಸಂಸ್ಕೃತ ಆದಿಪುರಾಣದ ಕೊನೆಯಲ್ಲಿ ಭರತನು ಕನ್ನಡಿಯಲ್ಲಿ ನರೆಗೂದಲನ್ನು ಕಂಡು ದೀಕ್ಷೆ ಪಡೆಯುತ್ತಾನೆ. ದೀಕ್ಷೆಯ ಬೆನ್ನಲ್ಲೇ ಅವನಿಗೆ ಕೇವಲಜ್ಞಾನ ಉಂಟಾಗುತ್ತದೆ. ಬಾಹುಬಲಿಯು ವರ್ಷವಿಡೀ ಅಲುಗದೆ ನಿಂತು ಪಡೆದದ್ದನ್ನು ಷಟ್ಖಂಡವನ್ನು ಆಳಿದವನು ಅಷ್ಟು ಬೇಗ ಪಡೆದದ್ದು ಹೇಗೆ? ರತ್ನಾಕರನ ಕಾವ್ಯವೆಲ್ಲ ಈ ಪ್ರಶ್ನೆಗೆ ಉತ್ತರವೆಂದು ಓದಬಹುದು. ಕೊನೆಯ ಗಳಿಗೆಯಲ್ಲಿ ಪವಾಡವೇನೂ ನಡೆಯಲಿಲ್ಲ. ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಬಂದವನಿಗೆ ಕಡೆಯ ದಿನ ಬಿಡಬೇಕಾದದ್ದು ಅತ್ಯಲ್ಪವಾಗಿತ್ತು. ಭೋಗವಿಜಯದ ಆ ದೀರ್ಘ ದಿನವರ್ಣನೆಯನ್ನು ಶೃಂಗಾರದ ವಿಸ್ತಾರವೆಂದು ಆಕ್ಷೇಪಿಸುವವರು, ಯೋಗವಿಜಯದ ಬೀಜ ಅಲ್ಲಿಯೇ ಬಿದ್ದಿರುವುದನ್ನು ಕಾಣಬೇಕು.

ಹಾಗೆಂದು ಅಭ್ಯಾಸವೆಲ್ಲ ತಾರಕವೆಂದು ಈ ಪರಂಪರೆ ನಂಬಿರಲಿಲ್ಲ. ಸಾಮಾಯಿಕದ ಐದು ಅತಿಚಾರಗಳಲ್ಲಿ ಮನಸ್ಸು, ಮಾತು, ದೇಹಗಳ ಚಾಂಚಲ್ಯದೊಡನೆ ಅನಾದರವನ್ನೂ ವಿಸ್ಮರಣೆಯನ್ನೂ ಸಮಂತಭದ್ರರು ಎಣಿಸಿದ್ದಾರೆ. ಮಾಡುತ್ತಲೇ ಅದರಲ್ಲಿ ಆದರವಿಲ್ಲದಿರುವುದು, ಮಾಡುತ್ತಿರುವುದೇನೆಂಬುದನ್ನೇ ಮರೆಯುವುದು: ದಿನಚರಿ ಯಾಂತ್ರಿಕವಾದಾಗ ಆಗುವುದು ಇದೇ. ಮರೆವಿಗೆ ಮದ್ದಾಗಿ ಬಂದ ಅಭ್ಯಾಸದೊಳಗೇ ಮರೆವು ಸೇರಿಕೊಳ್ಳಬಲ್ಲದೆಂಬ ಎಚ್ಚರ ಅವರಿಗಿತ್ತು.

ಇಂದ್ರಿಯಸುಖವು ಪರಾಧೀನ, ನಡುನಡುವೆ ಕಡಿದುಹೋಗುವಂಥದ್ದು ಎಂಬುದು ಕುಂದಕುಂದರ ನಿಲುವು. ಆಕುಲತೆಯಿಲ್ಲದಿರುವುದೇ ಸುಖವೆಂಬುದು ಜೈನ ಚಿಂತನೆಯ ಸಾರ. ಹಾಗಾದರೆ ಸುಖವನ್ನು ಹೊಸದಾಗಿ ತಂದು ಕೂಡಿಸಬೇಕಾಗಿಲ್ಲ, ಆಕುಲತೆಯನ್ನು ದಿನದಿನವೂ ಇಳಿಸಬೇಕು. ಬಟ್ಟೆಯ ಗಂಟು ಬಿಚ್ಚುವವರೆಗಿನ ಮೌನ, ಇಂದಿಗೊಂದು ನಿಯಮ, ಶುದ್ಧವಾದ ದುಡಿಮೆ, ಉಣ್ಣುವ ಮುನ್ನ ಮತ್ತೊಬ್ಬರಿಗೆ ಬಡಿಸುವ ಕೈ, ಮಲಗುವ ಮುನ್ನ ದಿನದತ್ತ ಒಂದು ಹಿನ್ನೋಟ. ಕುರುಡು ಕುದುರೆಗೆ ಇವುಗಳಲ್ಲಿ ಯಾವ ಔಷಧಿ ತಗುಲುವುದೋ ಹೇಳಲಾಗದು. ಅದಕ್ಕಾಗಿಯೇ ಹಿರಿಯರು ಎಲ್ಲವನ್ನೂ, ಪ್ರತಿದಿನವೂ ಹಚ್ಚಲು ಹೇಳಿದರು.