ಹಟ್ಟಿ ತಿಪ್ಪೇಸ್ವಾಮಿಯೂ ನಮ್ಮ ಕೆರೆಗಳೂ

ನಮ್ಮ ಕಂಬದೂರು, ಕಲ್ಯಾಣದುರ್ಗ, ರಾಯದುರ್ಗದ ಕಡೆ ತಿಪ್ಪೇಸ್ವಾಮಿ, ತಿಪ್ಪೇರುದ್ರ, ತಿಪ್ಪಮ್ಮ ಎಂಬ ಹೆಸರುಗಳಿಗೆ ಬರ ಇಲ್ಲ. ಮನೆಯಲ್ಲಿ ಕನ್ನಡ ಆಡುವವರೂ ಇಡುತ್ತಾರೆ, ತೆಲುಗು ಆಡುವವರೂ ಇಡುತ್ತಾರೆ. ಈ ಹೆಸರಿನ ಮೂಲ ನಮಗೆ ಪಡುವಣಕ್ಕಿರುವ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ. ಅಲ್ಲಿ ಜೀವಸಮಾಧಿಯಾದ ತಿಪ್ಪೇರುದ್ರಸ್ವಾಮಿಗಳ ವಿಚಾರ ಎರಡು ಮಾತು ಬರೆಯುತ್ತೇನೆ.

ಸ್ವಾಮಿಗಳು ಪಾಳೆಯಗಾರರ ಕಾಲದವರು. ಕೊಟ್ಟೂರಿನ ಬಸವೇಶ್ವರರ ಹಾಗೆ ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ನಂಬಿಕೆ. ಮನೆ ಮಠ ಇಲ್ಲದ ಒಂಟಿ ಜಂಗಮ, ಕೈಯಲ್ಲಿ ಬೆತ್ತ, ಹೆಗಲಲ್ಲಿ ಜೋಳಿಗೆ. ಹಟ್ಟಿಗೆ ಬಂದ ರಾತ್ರಿ ಮಾರಮ್ಮನ ಗುಡಿಯಲ್ಲಿ ಜೋಳಿಗೆ ಬೆತ್ತ ಇಡುವಷ್ಟು ಜಾಗ ಕೇಳಿದರಂತೆ. ಬೆಳಗಾಗುವುದರೊಳಗೆ ಆ ಜೋಳಿಗೆಯೇ ಗುಡಿಯೆಲ್ಲ ತುಂಬಿ, ಅಮ್ಮನೇ ಬೇರೆ ಕಡೆ ಹೋಗಬೇಕಾಯಿತಂತೆ. ಅದೇ ಇವತ್ತಿನ ಒಳಮಠ ಎಂದು ಹಿರಿಯರು ಹೇಳುತ್ತಾರೆ. ಊರ ಹೊರಗೆ ಅವರ ಸಮಾಧಿ ಇರುವುದು ಹೊರಮಠ.

ಪವಾಡದ ಕಥೆಗಳು ಬೇಕಾದಷ್ಟಿವೆ. ನನ್ನ ಮನಸ್ಸಿಗೆ ಹಿಡಿಸಿದ್ದು ಕೆರೆಯ ಕಥೆ. ಚಳ್ಳಕೆರೆ ಸೀಮೆಯೂ ನಮ್ಮ ಹಾಗೇ ಮಳೆ ಕಾಣದ ನೆಲ. ಅಲ್ಲಿ ಸ್ವಾಮಿಗಳು ಜನರನ್ನು ಸೇರಿಸಿ ಐದು ಕೆರೆ ಕಟ್ಟಿಸಿದರೆಂಬುದು ಪ್ರತೀತಿ. ಸಾಯಂಕಾಲ ಕೂಲಿ ಕೊಡುವಾಗ ಮರಳಿನ ಗುಡ್ಡೆ ಮಾಡಿಸುತ್ತಿದ್ದರಂತೆ. ಯಾರು ಎಷ್ಟು ದುಡಿದಿದ್ದರೋ ಅವರ ಗುಡ್ಡೆಯಲ್ಲಿ ಅಷ್ಟೇ ಕೂಲಿ ಸಿಗುತ್ತಿತ್ತಂತೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತು ಇಂದಿಗೂ ಭಕ್ತರ ಬಾಯಲ್ಲಿದೆ. ಸನ್ಯಾಸಿಯ ಬಾಯಲ್ಲಿ ದುಡಿಮೆಯ ಲೆಕ್ಕ! ಇದೇ ಅವರ ದೊಡ್ಡತನ ಎಂದು ನನ್ನ ಅಭಿಪ್ರಾಯ.

ದೂರದ ಇಂಗ್ಲೆಂಡಿನಲ್ಲೂ ಇಂಥವರೊಬ್ಬರಿದ್ದರು. ಕಥ್‌ಬರ್ಟ್ ಎಂಬ ಕ್ರೈಸ್ತ ಸನ್ಯಾಸಿ, ಸುಮಾರು 1,300 ವರ್ಷದ ಹಿಂದೆ ಫಾರ್ನ್ ಎಂಬ ಸಮುದ್ರದ ನಡುಗಡ್ಡೆಯಲ್ಲಿ ಒಬ್ಬರೇ ಇದ್ದರು. ಪರರ ಅನ್ನ ತಿನ್ನಬಾರದೆಂದು ಗೋಧಿ ಬಿತ್ತಿದರು, ಬರಲಿಲ್ಲ. ಬಾರ್ಲಿ ಬಿತ್ತಿದರು, ಬಂತು. 687ರಲ್ಲಿ ತೀರಿಕೊಂಡರು. 11 ವರ್ಷದ ಮೇಲೆ ಸಮಾಧಿ ತೆಗೆದಾಗ ದೇಹ ಕೆಟ್ಟಿರಲಿಲ್ಲ ಎಂದು ಆ ಕಾಲದ ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾರೆ. ಆಮೇಲೆ ಜನ ಬಿಡಲಿಲ್ಲ, ಇಂದಿಗೂ ಡರ್ಹಮ್ ಊರಿನ ದೊಡ್ಡ ಚರ್ಚಿನಲ್ಲಿರುವ ಅವರ ಸಮಾಧಿಗೆ ಹೋಗುತ್ತಾರೆ. ಒಂಟಿಯಾಗಿರಬೇಕೆಂದವರ ಸುತ್ತಲೇ ಊರು ಸೇರುವುದು ಎಲ್ಲ ಕಡೆಯ ಕಥೆ.

ಹಟ್ಟಿಯಲ್ಲೂ ಹಾಗೇ. ಫಾಲ್ಗುಣದಲ್ಲಿ ದೊಡ್ಡ ತೇರು. ಮುಕ್ತಿ ಬಾವುಟ ಹರಾಜಾಗುತ್ತದೆ, ಲಕ್ಷಗಟ್ಟಲೆ ಕೂಗುತ್ತಾರೆ. ಹರಕೆಯವರು ಕೊಬ್ಬರಿ ಸುಡುತ್ತಾರೆ. ಗಡಿ ಯಾರಿಗೂ ಅಡ್ಡ ಬಂದಿಲ್ಲ. ಹಿಂದೆ ಹಟ್ಟಿ ಮೈಸೂರು ಅರಸರದ್ದು, ನಮ್ಮದು ಮದ್ರಾಸು ಸರ್ಕಾರದ್ದು. 1953ರಲ್ಲಿ ನಾವು ಆಂಧ್ರಕ್ಕೆ ಸೇರಿದೆವು. ಸರ್ಕಾರ ಬದಲಾಯಿತು, ಜಾತ್ರೆಗೆ ಹೋಗುವ ದಾರಿ ಬದಲಾಗಲಿಲ್ಲ.

ಆದರೆ ಒಂದು ಮಾತು ಕೇಳಬೇಕಾಗಿದೆ. ತೇರಿನ ಹಗ್ಗಕ್ಕೆ ಸಾವಿರ ಕೈ ಸೇರುತ್ತವೆ, ಕೆರೆ ಏರಿಗೆ ಎಷ್ಟು ಕೈ? ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಬಿದ್ದಷ್ಟನ್ನಾದರೂ ಹಿಡಿದಿಡೋಣ ಅಂದರೆ ಕೆರೆಗಳಲ್ಲಿ ಹೂಳು, ಏರಿ ಮೇಲೆ ಬಳ್ಳಾರಿ ಜಾಲಿ, ತೂಬು ಮುಚ್ಚಿಹೋಗಿದೆ. ಬೋರು ಕೊರೆಸಿ ಸಾಲ ಮಾಡಿದವರು ಎಷ್ಟು ಜನ ಎಂಬುದು ಎಲ್ಲರಿಗೂ ಗೊತ್ತು.

ಹರಕೆ ಬೇಡ ಅಂತ ನಾನು ಹೇಳುವವನಲ್ಲ. ಕೊಬ್ಬರಿಯೂ ಸುಡೋಣ, ತೇರೂ ಎಳೆಯೋಣ. ಜೊತೆಗೆ ಹಟ್ಟಿಗೆ ಹೊರಡುವ ಮೊದಲು ಮನೆಗೊಬ್ಬರಂತೆ ಒಂದು ದಿನ ಗುದ್ದಲಿ ಮಂಕರಿ ಹಿಡಿದು ಊರ ಕೆರೆಗೆ ಇಳಿಯೋಣ. ಮೇಷ್ಟ್ರುಗಳು ಮಕ್ಕಳಿಗೆ ಮಾರಮ್ಮನ ಗುಡಿಯ ಕಥೆಯ ಜೊತೆ ಆ ಐದು ಕೆರೆಯ ಕಥೆಯನ್ನೂ ಹೇಳಲಿ. ಹೂಳು ತೆಗೆದಷ್ಟೇ ನೀರು ನಿಲ್ಲುತ್ತದೆ. ಸ್ವಾಮಿಗಳು ಹೇಳಿದ ಲೆಕ್ಕವೂ ಅದೇ.